ಹದಿನಾರು ಡಬ್ಬಿ

ಚೌಬಾರದ ಹಿಂದಿನ ಗಲ್ಲ್ಯಾಗ ನಮ್ಮ ಬಿದ್ರಿ ಕಾರ್ಖಾನಿ.
ಒಂದು ಮದುವಿಗಿ ಹದಿನಾರು ಡಬ್ಬಿ, ಅಂಗೈಯಷ್ಟು ಅಗಲ.
ಹುಡುಗಿ ಕಡೆಯವರು ಫ್ರಾನ್ಸು, ಹುಡುಗನ ಕಡೆ ಇಟಲಿ.
ಮುಚ್ಚಳದ ಮ್ಯಾಲ ಒಬ್ಬೊಬ್ಬರ ಹೆಸರು
ಬೆಳ್ಳಿ ತಂತಿಲೆ ಕೂಡಿಸಬೇಕು.

ಆ ಅಕ್ಷರ ನನಗ ಬರಂಗಿಲ್ಲ.
ಬಳ್ಳಿ ಕೆತ್ತಿದಂಗ ಕೆತ್ತತೀನಿ:
ಇದು ಕುಡಗೋಲು, ಇದು ಗೂಟ, ಇದರ ನೆತ್ತಿಗಿ ಒಂದು ಹುಬ್ಬು.
ಉಸ್ತಾದ್ ಮಕ್ದೂಮ್ ಸಾಹೇಬರ ಮೊಮ್ಮಗ ಫೈಜಾನ್
ಚಾ ಕುಡಕೋತ, ಮೊಬೈಲ್ ನೋಡಿ ಅರ್ಥ ಓದ್ತಾನ.

ಕ್ಲೇರ್ ಅಂದ್ರ ಬೆಳಕಂತ.
ಕಿಲ್ಲೆದಾಗ ಬಿಸಿಲೇ ಕಾಣದ ಮಣ್ಣು ತಂದು
ನವಸಾಗರ ಕಲಿಸಿ, ಕುದಿಸಿ, ಆಕಿನ್ನ ಅದ್ದಿದೆ.
ಸುತ್ತೆಲ್ಲ ಕರ್ರಗಾತು. ಆಕಿ ಹಂಗೇ ಉಳಿದಳು.
ಪಾವೊಲೋ ಅಂದ್ರ ಸಣ್ಣಾಂವ.
ಸೆಸಿಲ್ ಅನ್ನೂದು ಕುರುಡಿಂದ ಬಂದದ್ದು,
ಕ್ಲೋಡ್ ಅನ್ನೂದು ಕುಂಟಿಂದ.

ಉಸ್ತಾದರ ಸುತ್ತಿಗಿ ನಿಂತಿತು.
ತಮ್ಮ ಎಡಗಾಲು ಕೈಲೆ ಎತ್ತಿ ಆಚಿ ಸರಿಸಿ
ಆ ಡಬ್ಬಿ ಇತ್ತ ಕೊಡವ್ವ, ಅಂದ್ರು,
ಅದನ್ನ ನಾನೇ ಮಾಡ್ತೀನಿ.

ಹನ್ನೆರಡನೇದಕ್ಕ ಎರಡು ಹುಬ್ಬು. ದೇಸಿರೇ.
ಬೇಕಾದಾಕಿ. ಬೇಡಿ ಪಡೆದಾಕಿ.

ನಾನು ಐದನೇ ಹೆಣ್ಣು.
ಅಪ್ಪ ತೊಟ್ಟಿಲ ಕಡಿ ನೋಡದನೇ ಸಾಕು ಅಂದ.
ಅದೇ ಹೆಸರಾತು.
ಔರಾದ ಸಾಲ್ಯಾಗ ಮಾಸ್ತರು ಹಾಜರಿ ಹಿಡದು
ಸಾಕವ್ವ ಅಂತ ಕರದ್ರ
ಹಿಂದ ಕುಂತ ಹುಡುಗರು
ಸಾಕ್ರಿ ಸರ್, ಇನ್ನ ಮನಿಗಿ ಬಿಡ್ರಿ ಅಂತಿದ್ದರು.
ನನ್ನ ಬೆನ್ನಿಗಿ ಮತ್ತಿಬ್ಬರು ಹುಟ್ಟಿದರು. ಹೆಣ್ಣೇ.
ಅವರಿಗಿ ಚಂದನ ಹೆಸರಿಟ್ಟರು.
ಅವ್ವ ಕಲ್ಲಿನ ಖಣಿಗಿ ಹೋದ್ರ
ಗಂಜಿ ಕುಡಿಸಿ, ಎಣ್ಣಿ ಹಚ್ಚಿ, ಮಲಗಿಸಿದಾಕಿ ನಾನು.

ದೇಸಿರೇ ಬರಿಯೂದ್ರಾಗ ತಂತಿ ಎರಡು ಸಲ ತುಂಡಾತು.
ಕಣ್ಣಾಗ ಸತುವಿನ ಪುಡಿ ಬಿತ್ತು ಅಂದೆ.
ಯಾರೂ ಏನೂ ಕೇಳಿದ್ದಿಲ್ಲ.

ಕಡೀ ಡಬ್ಬಿ ಹುಡುಗನ ಮುತ್ಯಾಂದು,
ಮುಚ್ಚಳದಾಗ ಹಿಡಿಲಾರದಷ್ಟು ಉದ್ದ: ದಿಯೋತಲ್ಲೇವಿ.
ಹಿಂದಕ, ಬಾಗಿಲ ಮುಂದ ಬಿಟ್ಟು ಹೋದ ಕೂಸಿಗೂ
ಇಂಥ ಹೆಸರು ಇಡ್ತಿದ್ರಂತ.
ಕನ್ನಡದಾಗ ಹೆಂಗ ಹೇಳೂದಂತ ಫೈಜಾನ್ ತಡವರಿಸಿದ,
ಅಜ್ಜನ ಕಿವ್ಯಾಗ ಏನೋ ಕೇಳಿದ,
ಆಮ್ಯಾಲ ಅಂದ:
ದೇವರು ನಿನ್ನ ಸಾಕಲಿ.

ಏನಂದಿ?

ಮತ್ತ ಹೇಳಿದ.

ಅರದ ಕೆಳಗ ಇಟ್ಟೆ.
ಇನ್ನೊಮ್ಮಿ ಹೇಳಪ.