ನಾಮಿನಿ

ಯಾದಗಿರಿ ಸ್ಟೇಷನ್ ಎದುರಿನ ನನ್ನ ಝೆರಾಕ್ಸ್ ಅಂಗಡಿಗೆ
ರೊಟ್ಟಿ ಬಡಿಯುವ ಸಾಬಮ್ಮ ಬಂದಳು,
ಅಂಗೈಗೆ ಇನ್ನೂ ಜೋಳದ ಹಿಟ್ಟು.
ಕಾಶಿ, ಅಲ್ಲಿಂದ ನೇಪಾಳ. ವಿಮೆ ಇಲ್ಲದೆ
ಬಸ್ಸು ಹತ್ತಿಸುವುದಿಲ್ಲವಂತೆ ಟೂರಿನವರು.

ಪರದೆಯ ಮೇಲೆ ಎರಡು ನಮೂನೆ. ಓದಿ ಹೇಳಿದೆ.
"ಇದಕ್ಕ ಮುನ್ನೂರು ಹೆಚ್ಚಿಗಿ ಯಾಕ?"
ಸತ್ತರೆ ಊರಿಗೆ ತಂದು ಮುಟ್ಟಿಸುತ್ತಾರೆ, ಅಂದೆ ದನಿ ಇಳಿಸಿ.
"ಕಾಶ್ಯಾಗ ಸತ್ತೋರಿಗಿ ಹೊಳ್ಳಿ ಯಾರ್ ತರತಾರೊ, ಹುಚ್ಚಾ!
ಕಾಲು ಮುರದ್ರ?"
ಅದು ಎರಡರಲ್ಲೂ ಇದೆ.
"ಹಂಗಾರ ಕಮ್ಮೀದು ಬಡಿ."

ಸಕ್ಕರೆ ಕಾಯಿಲೆ ಇದೆಯೇ? ಇಲ್ಲ ಅಂದಳು.
ಅವಳ ಗುಳಿಗೆ ಚೀಟಿಗೆ ತಿಂಗಳು ತಿಂಗಳು
ಝೆರಾಕ್ಸ್ ತೆಗೆಯುವವನು ನಾನೇ.
ಸುಮ್ಮನೆ ಮುಖ ನೋಡಿದೆ.
"ಆಯ್ತು ತಗಿ, ಅದ ಅಂತ ಬರಿ."
ನೂರಾ ಎಂಬತ್ತು ಏರಿತು.

ಕೊನೆಯ ಖಾನೆ, ನಾಮಿನಿ.
"ಮಾಲನ್‌ಬಿ."
ಸಂಬಂಧ?
"ನಡು ಒಂದ ಗ್ವಾಡಿ."
ಒತ್ತಿದರೆ ಪಟ್ಟಿ ಬಿಚ್ಚಿಕೊಂಡಿತು:
ಗಂಡ, ಮಗ, ಮಗಳು, ತಂದೆ, ತಾಯಿ...
ಮೇಲೆ ಕೆಳಗೆ ಎಳೆದೆ. ಗೋಡೆಗೆ ಜಾಗವಿರಲಿಲ್ಲ.
ಹಿಂದೆ ಸಾಲು ಬೆಳೆದಿತ್ತು, ರೈಲಿನ ಹೊತ್ತು.
ಸಹೋದರಿ ಅಂತ ಒತ್ತಿ,
ಅಕ್ಕ ಅಂತ ಹಾಕೀನವ್ವಾ, ಅಂದೆ.

"ತಂಗಿ ಅನ್ನು," ಸಾಬಮ್ಮ ತಿದ್ದಿದಳು,
"ಆಕಿ ನನಗಿಂತ ಸಣ್ಣಾಕಿ."