ಎಬ್ಬಿಸಿದ್ದು

ಕರಾಕೋಲ್ ಊರಿನ ಹಳೇ ಅಂಚೆಕಚೇರಿ, ಅದರ ನೆಲಮಾಳಿಗೆ.
ಬಾಗಿಲಿಗೆ ಕಂಬಳಿ ಜಡಿದಿದ್ದಾರೆ, ಚಳಿಗಲ್ಲ,
ಫ್ಯಾನುಗಳ ಮೊರೆತ
ಮೇಲಿನ ಪಿಂಚಣಿ ಸಾಲಿಗೆ ಕೇಳದಿರಲೆಂದು.
ಇಲ್ಲೊಂದು ಸರ್ವರು.
ಅಲ್ಲಿ ಬೆಟ್ಟದ ಮೇಲೆ
ಹಿಮ ಕರಗಿ ನಿಂತ ಹದಿನೇಳು ಕೆರೆ.
ಕೆರೆಗೊಂದು ಅಳತೆಗೋಲು, ಕೋಲಿಗೊಂದು ನಾಲಿಗೆ,
ಕ್ಷಣಕ್ಕೆ ಸಾವಿರ ಸಲ ಅದೇ ಮಾತು:
ಇಷ್ಟಿದ್ದೇನೆ, ಇಷ್ಟಿದ್ದೇನೆ, ಇಷ್ಟೇ ಇದ್ದೇನೆ.

ಮೊನ್ನೆ ಗುರುವಾರ ಒಂಬತ್ತನೆಯದು
ಒಂದು ಗೇಣು ಏರಿ ಇಳಿಯಿತು.
ನಮಗೆ ತಿಳಿದದ್ದು ನಾಲ್ಕು ನಿಮಿಷ ತಡವಾಗಿ.
ಏನೂ ಆಗಲಿಲ್ಲ.
ಕಣಿವೆಯಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗನಿಗೆ
ಇವತ್ತಿಗೂ ಗೊತ್ತಿಲ್ಲ.
ಬುರುಲ್ಚಾಗೆ ಗೊತ್ತು.

ಡಿಸ್ಕು ನಿಧಾನ, ಹೊಸದು ತರಿಸೋಣ ಎಂದೆ.
ಕನ್ನಡಕ ಹಣೆಗೇರಿಸಿ ನಕ್ಕಳು:
"ಡಿಸ್ಕು ಪಾಪ ಎಲೆ ಮುಂದೆ ಕಾದು ಕೂತಿದೆ,
ಬಡಿಸುವ ಕೈ ಎಲ್ಲಿ ತಡೆದಿದೆ ನೋಡು."

ಮುಚ್ಚಳ ಬಿಚ್ಚಿದೆವು.
ಅಂಗೈಯಗಲದ ಅಡಾಪ್ಟರು, ಮೈತುಂಬ ಧೂಳು,
ಎರಡನೇ ಪ್ರೊಸೆಸರಿನ ಓಣಿಯಲ್ಲಿ ಮನೆ ಮಾಡಿತ್ತು.
ಕೆಲಸವೆಲ್ಲ ಮೊದಲನೆಯದರ ಹತ್ತಿರ.
ಒಲೆ ಈ ಮನೆಯಲ್ಲಿ, ಹಿಟ್ಟು ಆಚೆಮನೆಯಲ್ಲಿ,
ಹಿಡಿಹಿಡಿಗೂ ಅಂಗಳ ದಾಟಬೇಕು.
ಸ್ಕ್ರೂ ಒಂದನ್ನು ಹಲ್ಲಲ್ಲಿ ಕಚ್ಚಿಕೊಂಡೇ
ಅದರ ವಠಾರ ಬದಲಿಸಿದಳು.

ಮುಚ್ಚಳದ ಒಳಮೈಗೆ ಅಂಟಿಸಿದ ಚೀಟಿ, ಪೆನ್ಸಿಲ್ ಬರಹ:
"ದಿನಕ್ಕೆ ಏಳು ಗಂಟೆ ಕರೆಂಟು. ಎರಡೇ ಕ್ಯಾನ್ ಡೀಸೆಲ್.
ಇದನ್ನು ಮಲಗಿಸಿದ್ದೇನೆ. ಮರೆತು ಎಬ್ಬಿಸಬೇಡಿ.
ಕೆರಿಮ್‌ಕುಲ್."

ಆ ಚಳಿಗಾಲ ಅವನು
ಕಾಗದ ವಿಂಗಡಿಸುವ ಮರದ ಗೂಡುಗಳನ್ನು ಒಡೆದು
ಬೆಂಕಿ ಕಾಸಿದನಂತೆ.
ನೀಲಿ ಪರದೆಯಲ್ಲಿ ಅವನು ಬಿಟ್ಟುಹೋದ ಆಯ್ಕೆ ಹಾಗೇ ಇತ್ತು:
ವಿದ್ಯುತ್ ಉಳಿತಾಯ.
ಎರಡು ಮಾತಿನ ನಡುವೆ ಸಿಕ್ಕ ಸಂದಿನಲ್ಲೇ
ಪ್ರೊಸೆಸರು ಜೊಂಪಿಗೆ ಜಾರುತ್ತಿತ್ತು,
ಕಣ್ಣುಜ್ಜಿ ಎದ್ದು ಯಾರು ಎನ್ನುವಷ್ಟರಲ್ಲಿ
ಹೊಸಿಲಲ್ಲಿ ಇನ್ನೂ ನಲವತ್ತು ಮಂದಿ.

ಬುರುಲ್ಚಾ ತಕ್ಷಣ ಬದಲಿಸಲಿಲ್ಲ.
ಫೋನು ಮಾಡಿದಳು. ಬೆಳಗಿನ ಜಾವ ಐದು.
ನಿವೃತ್ತನಾಗಿ ತ್ಯುಪ್ ಕಡೆ ಜೇನು ಸಾಕಿದ್ದಾನೆ ಮುದುಕ.
"ಕರೆಂಟು ಇದೆಯಾ?"
"ಇದೆ."
"ರಾತ್ರಿಯೂ?"
"ರಾತ್ರಿಯೂ."
"ಹಾಗಾದರೆ ಎಬ್ಬಿಸು, ನನ್ನನ್ನೇನು ಕೇಳುತ್ತೀ,"
ಎಂದವನು ಕಾಲು ಗಂಟೆ ಜೇನಿನ ಸುದ್ದಿ ಹೇಳಿದ.

ಆಮೇಲೆ ಸರತಿಸಾಲು.
ಒಂದೇ ಸಲಕ್ಕೆ ಎಷ್ಟು ಜನ ಕಿಟಕಿಗೆ ಬರಬಹುದು?
ಮೂವತ್ತೆರಡಿತ್ತು. ಅರವತ್ತನಾಲ್ಕು: ಉಸಿರಾಡಿತು.
ನೂರಿಪ್ಪತ್ತೆಂಟು: ಓಡಿತು.
ಇನ್ನೂರೈವತ್ತಾರಕ್ಕೆ ಮತ್ತೆ ನೂಕುನುಗ್ಗಲು,
ಹಿಂದೆ ಬಂದೆವು.
ನಾನು ನಡುವೆ ಇನ್ನೊಂದು ತಿರುಪು ತಿರುಗಿಸಹೋದಾಗ
ಕೈಮೇಲೆ ಹೊಡೆದಳು:
"ಎರಡು ಗಂಟು ಒಟ್ಟಿಗೆ ಬಿಚ್ಚಿದರೆ
ಬಿಗಿದದ್ದು ಯಾವುದೆಂದು ತಿಳಿಯುವುದು ಹೇಗೆ?"
ಒಂದು ಬದಲು, ಒಂದು ಅಳತೆ, ಒಂದು ಸಾಲು ಪುಸ್ತಕದಲ್ಲಿ.
ಚಹಾ ಮೂರು ಸಲ ಆರಿತು.

ಕೊನೆಗೊಂದು ಉಳಿಯಿತು, ಎಲ್ಲಕ್ಕಿಂತ ಸಲೀಸು:
ಕಾರ್ಡಿನ ನೆನಪಿನಲ್ಲೇ ಇಟ್ಟುಕೊಂಡು
"ಡಿಸ್ಕಿಗೆ ಬರೆದಾಯಿತು" ಎನ್ನಲು ಬಿಡುವುದು.
ವೇಗ ನಾಲ್ಕು ಪಟ್ಟು. ಆಸೆಯಾಯಿತು.
ಅದನ್ನು ಕಾಯುವ ಬ್ಯಾಟರಿ ಮಾತ್ರ ಊದಿಕೊಂಡು
ಹಳಸಿದ ರೊಟ್ಟಿಯ ಹಾಗಿತ್ತು.
ದೀಪ ಹೋದರೆ ನೆನಪೂ ಹೋಯಿತು.
"ಬೇಡ," ಅಂದಳು ಬುರುಲ್ಚಾ,
"ಹಂಚದೆ ಹಂಚಿದೆ ಎಂದು ಮುದ್ರೆಯೊತ್ತಿದ ಗುಮಾಸ್ತರನ್ನು
ಈ ಕಟ್ಟಡ ಮೊದಲೇ ಕಂಡಿದೆ."

ಚೀಟಿ ಕಿತ್ತುಹಾಕಲಿಲ್ಲ.
ಕೆಳಗೆ ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು:
"ಕರೆಂಟು ಬಂದಿದೆ. ಎಬ್ಬಿಸಿದ್ದೇನೆ.
ಮತ್ತೆ ಹೋದರೆ ಮಲಗಿಸಿ, ಪರವಾಗಿಲ್ಲ."

ಮೇಲೆ ಬಂದಾಗ ಬೆಳಕು.
ಪಿಂಚಣಿ ಸಾಲಿನ ಅಜ್ಜಿಯೊಬ್ಬಳು
ಫ್ಯಾನಿನ ಸದ್ದು ಇವತ್ತು ಜಾಸ್ತಿ ಎಂದು ಗೊಣಗಿದಳು.
ಅಲ್ಮಾತಿಯಿಂದ ಬ್ಯಾಟರಿ ಇನ್ನೂ ಬಂದಿಲ್ಲ.
ಒಂಬತ್ತನೆಯ ಕೆರೆ ಹೇಳುತ್ತಲೇ ಇದೆ,
ಹೇಳಿದೊಡನೆ ಕೇಳುತ್ತದೆ:
ಇಷ್ಟಿದ್ದೇನೆ.