ಸ್ಪೀಕರಿನ ಹಿಂದೆ

ಜೋಯ್ಲನ್‌ಗೆ ಹದಿಮೂರು. ಮೊನ್ನೆಯಷ್ಟೇ ಬಿಷಪರು
ಹಣೆಗೆ ಎಣ್ಣೆ ಹಚ್ಚಿದ್ದಾರೆ.
ಇವತ್ತು ಕಾಜುಬಾಗದ ಹಾಲ್‌ನಲ್ಲಿ
ಮೂರು ನಿಮಿಷ ನಲವತ್ತು ಸೆಕೆಂಡು
ಅವನೊಬ್ಬನೇ ಕುಣಿಯಬೇಕು. ಅಮ್ಮನ ಹಟ.

ತಿಂಗಳಿಡೀ ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಎದುರು ನಿಂತು ಕಲಿಸಿದೆ.
ನನ್ನ ಬಲಗೈ ಎದ್ದರೆ ಅವನ ಎಡಗೈ;
ಕನ್ನಡಿಗೆ ದುಡ್ಡಿಲ್ಲದ ಕ್ಲಾಸು ನನ್ನದು,
ನಾನೇ ಕನ್ನಡಿ.
ಕೆಳಗೆ ಮಂಜುಗಡ್ಡೆ ಪುಡಿಯಾಗುವ ಸದ್ದು,
ಮೇಲೆ ಐದು ಆರು ಏಳು ಎಂಟು.
ನಾನು ಎಂಟಕ್ಕೆ ಬಂದರೂ
ಅವನ ಮೊಣಕಾಲು ಇನ್ನೂ ಆರರಲ್ಲೇ.

‘ಮರೆತರೆ?’ ಅಂದಿದ್ದ.
‘ಸ್ಪೀಕರಿನ ಹಿಂದೆ ಇರ್ತೇನೆ, ನೋಡು.’

ಹಾಡು ಶುರು.
ತಿಂಗಳಲ್ಲೇ ಬೆಳೆದುಬಿಟ್ಟ ಪಾದ, ಬೂಟು ಬಿಗಿ.
ಎರಡನೇ ಚರಣಕ್ಕೆ ಮರೆತ. ಗೊತ್ತಾಯಿತು ನನಗೆ,
ನನಗೊಬ್ಬನಿಗೇ.
ಕೈಯೆತ್ತಿದೆ.
ಅವನು ಈ ಕಡೆ ನೋಡಲೇ ಇಲ್ಲ.
ನಾನು ಕಲಿಸದ ಏನೋ ಒಂದನ್ನು,
ಭುಜ ಸುಮ್ಮನೆ ಕುಲುಕಿಸಿ, ನಗುತ್ತ,
ಎಂಟರವರೆಗೂ ತುಂಬಿಸಿಬಿಟ್ಟ.
ಅವನಜ್ಜಿ ಎದ್ದು ನಿಂತು ಸಿಳ್ಳೆ ಹೊಡೆದಳು.

ಎತ್ತಿದ ಕೈ ಇಳಿಸುವುದು ಮರೆತು
ಹಾಗೇ ನಿಂತಿದ್ದೆ.
ಯಾರೋ ಬಂದು ಅದರಲ್ಲಿ
ಕುಡಿದ ಜ್ಯೂಸಿನ ಗ್ಲಾಸು ಇಟ್ಟುಹೋದರು.